ಹೊಂಗೆ ಮರದಲ್ಲಿ ಉಳಿದ ಮಡಕೆ

ಮಡಕೆಯೊಳಗಿನಿಂದ ಸದ್ದು ಬರುತ್ತಿದೆಯೆಂದು ಚಿಕ್ಕಮಾದಯ್ಯ ನನ್ನೊಡನೆ ಹೇಳಿದ್ದು ಭಾದ್ರಪದ ಬಹುಳದ ಒಂದು ಬೆಳಗ್ಗೆ, ನಮ್ಮ ಮನೆಯ ಜಗಲಿಯ ಮೇಲೆ ಕುಳಿತು, ಮುಂದಿಟ್ಟ ಕಾಫಿಯನ್ನು ಮುಟ್ಟದೆ.

“ಗಾಳಿ ಬಂದಾಗ ಮಾತ್ರ ಮೇಷ್ಟ್ರೆ. ಟಣ್ ಅಂತದ. ಒಂದೇ ಸಲ. ಆಮೇಲೆ ಸುಮ್ಕಾಯ್ತದ.”

“ಮೂಳೆ ಅಲುಗಿರಬೇಕು ಕಣಯ್ಯ.”

“ಮೂಳೆ ಸದ್ದು ನಂಗ ಗೊತ್ತಿಲ್ವಾ? ಇಪ್ಪತ್ತೇಳು ವರ್ಸದಿಂದ ಕೇಳಿವ್ನಿ. ಇದು ಮೂಳೆದಲ್ಲ.”

ಅವನ ಬಲಗಣ್ಣಿನಲ್ಲಿ ನೀರು ಸೋರುತ್ತಿತ್ತು. ಪಂಚೆಯ ಅಂಚಿನಿಂದ ಒರೆಸಿಕೊಂಡ. ಕಂಕುಳಲ್ಲಿದ್ದ ಪುಸ್ತಕವನ್ನು ನನ್ನ ಮುಂದಿಟ್ಟ, ಆದರೆ ಅದರ ಮೇಲಿಂದ ಕೈ ತೆಗೆಯಲಿಲ್ಲ.

ಚಿಕ್ಕಮಾದಯ್ಯ ಉಮ್ಮತ್ತೂರಿನವನು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಅಲ್ಲಿಯ ಶಾಲೆಯಲ್ಲಿ ಮೂರನೆಯ ತರಗತಿಯಲ್ಲಿದ್ದ. ಅವನು ಸ್ಲೇಟಿನ ಮೇಲೆ ಬರೆದ ಅಕ್ಷರಗಳನ್ನು ಅಳಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ. ಒಂದೊಂದು ಅಕ್ಷರವನ್ನೂ ಗೋಡೆಗೆ ಕಲ್ಲು ಇಟ್ಟಂತೆ ಕೂರಿಸುತ್ತಿದ್ದ. ನಾಲ್ಕನೆಯ ತರಗತಿಯ ನಡುವೆ ಅವನಪ್ಪ ಅವನನ್ನು ದನ ಕಾಯಲು ಬಿಟ್ಟ. ಆಮೇಲೆ ನಾನು ಅವನನ್ನು ಕಂಡದ್ದು ಮೂವತ್ತು ವರ್ಷಗಳ ನಂತರ, ಚಾಮರಾಜನಗರದ ಹೊರಗಿನ ಸುಡುಗಾಡಿನಲ್ಲಿ. ಅಲ್ಲಿ ಹೆಣ ಸುಡುವ ಕೆಲಸಕ್ಕಿದ್ದ. ನನ್ನ ಅಣ್ಣನ ಚಿತೆಗೆ ಸೌದೆ ಒಟ್ಟುತ್ತಿದ್ದವನು ತಿರುಗಿ ನೋಡಿ, “ಮೇಷ್ಟ್ರೆ, ನೀವು ಆ ಕಡೆ ನೆಳ್ಳಲ್ಲಿ ಕೂತ್ಕಳಿ. ಹೊಗೆ ಈ ಕಡೆಗೇ ತಿರುಗ್ತದ” ಎಂದ. ಧ್ವನಿಯಿಂದಲ್ಲ, ಸೌದೆ ಒಟ್ಟಿದ ರೀತಿಯಿಂದ ಅವನ ಗುರುತು ಹಿಡಿದೆ.

ನಮ್ಮ ಸೀಮೆಯಲ್ಲಿ ಹೆಚ್ಚಿನವರು ಮಣ್ಣು ಮಾಡುವವರು. ಸುಡುವುದು ಕೆಲವು ಮನೆಗಳಲ್ಲಿ ಮಾತ್ರ ಇತ್ತು. ಈಚೆಗೆ ಕೆಲಸಕ್ಕೆಂದು ಪಟ್ಟಣಕ್ಕೆ ಬಂದು ಬಾಡಿಗೆ ಮನೆಯಲ್ಲಿ ಇರುವವರು, ಮಣ್ಣಿಗೆ ಸ್ವಂತ ಜಾಗವಿಲ್ಲದವರು, ಸುಡುವುದಕ್ಕೆ ಒಪ್ಪಿಕೊಂಡಿದ್ದಾರೆ. ಮಣ್ಣು ಮಾಡಿದರೆ ಒಂದು ಗುಡ್ಡೆ ಉಳಿಯುತ್ತದೆ, ಹಬ್ಬದಲ್ಲಿ ಎಡೆ ಇಡಲು ಜಾಗವಿರುತ್ತದೆ. ಸುಟ್ಟವರಿಗೆ ಏನು ಉಳಿಯುತ್ತದೆ? ಈ ಪ್ರಶ್ನೆ ಬೇರೆ ಯಾರಿಗೂ ಬಂದಂತಿಲ್ಲ. ಚಿಕ್ಕಮಾದಯ್ಯನಿಗೆ ಬಂತು.

ಅದಕ್ಕೆ ಕಾರಣವಿತ್ತು. ಹಿಂದೆ ಅವನು ಮನೆಯ ನಿವೇಶನಕ್ಕೆ ಅರ್ಜಿ ಹಾಕಿದಾಗ ಕಚೇರಿಯಲ್ಲಿ ವಂಶವೃಕ್ಷ ಕೇಳಿದರು. ಅಪ್ಪನ ಹೆಸರು ಬರೆಸಿದ. ತಾತನ ಹೆಸರು ಕೇಳಿದಾಗ ಬಾಯಿ ಕಟ್ಟಿತು. ಊರಿಗೆ ಹೋಗಿ ಹನ್ನೊಂದು ಮನೆ ತಿರುಗಿದ. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ತಾತನನ್ನು ಹೂತದ್ದು ಹಳ್ಳದ ದಂಡೆಯಲ್ಲಿ. ಆ ದಂಡೆಯನ್ನು ಹಳ್ಳವೇ ತಿಂದುಹಾಕಿತ್ತು. “ಹೆಸ್ರೂ ಇಲ್ಲ, ಜಾಗನೂ ಇಲ್ಲ. ಅಂಗಾದ್ರ ಅಂವ ಇದ್ದುದ್ದಾದ್ರೂ ಹೌದಾ ಮೇಷ್ಟ್ರೆ?” ಎಂದು ನನ್ನನ್ನು ಕೇಳಿದ್ದ. ಆ ವಾರವೇ ಇನ್ನೂರು ಹಾಳೆಯ ಲಾಂಗ್ ಬುಕ್ ಒಂದನ್ನು ತಂದು ಗೆರೆ ಹಾಕಿಸಿಕೊಂಡು ಹೋದ.

ತೀರಿಕೊಂಡವರ ಹೆಸರು, ಅಪ್ಪನ ಹೆಸರು, ತಾತನ ಹೆಸರು, ಊರು, ತಿಥಿ, ಕೊಳ್ಳಿ ಇಟ್ಟವರು, ಕೊನೆಯಲ್ಲಿ ಬೂದಿ ಯಾವ ನೀರಿಗೆ ಹೋಯಿತು ಎಂಬುದು. ಇದು ಅವನ ಸಾಲು. ಮೂರನೆಯ ದಿನ ಮೂಳೆ ಆಯ್ದು ಮಡಕೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಹೆಸರು ಬರೆದ ಚೀಟಿಯನ್ನು ದಾರದಲ್ಲಿ ಪೋಣಿಸಿ ಹೊಂಗೆ ಮರಕ್ಕೆ ನೇತುಹಾಕುತ್ತಿದ್ದ. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯೇ ಚೀಟಿ. ಮಡಕೆ ಯಾವ ಕಾರಣಕ್ಕೂ ನೆಲ ಮುಟ್ಟಬಾರದು. ಮನೆಯವರು ಬಂದಾಗ ಚೀಟಿಯನ್ನು ಬಿಚ್ಚಿಕೊಂಡು, ಮುಖ ತಿರುಗಿಸಿ ನಿಂತ ಅವರ ಕೈಗೆ ಮಡಕೆಯನ್ನು ಕೊಡುತ್ತಿದ್ದ. ತೆಗೆದುಕೊಂಡವರು ಹಿಂದಿರುಗಿ ನೋಡದೆ ಹೋಗಬೇಕು. ಚೀಟಿಯನ್ನು ಆ ಸಾಲಿನ ಪಕ್ಕದಲ್ಲಿ ಅನ್ನದ ಅಗುಳಿನಿಂದ ಅಂಟಿಸುತ್ತಿದ್ದ. “ಬೂದಿ ನೀರ್ಗ. ಹೆಸ್ರು ಪುಸ್ತಕುಕ್ಕ. ಹೆಸ್ರು ಮಾತ್ರ ನೀರ್ಗ ಓಗಬಾರ್ದು” ಎನ್ನುವನು.

ಜನರಿಗೆ ಆ ಪುಸ್ತಕದ ಭಯವೂ ಇತ್ತು, ಅಗತ್ಯವೂ ಇತ್ತು. ಅವನು ದಾರಿಯಲ್ಲಿ ಸಿಕ್ಕಿ “ನಿಮ್ಮ ತಾತನ ಹೆಸ್ರೇನು?” ಎಂದರೆ ಮುದುಕರು ಮಾತು ತಪ್ಪಿಸಿ ಹೋಗುತ್ತಿದ್ದರು. ಅವರ ಮಕ್ಕಳೇ ಮುಂದೆ ವಂಶವೃಕ್ಷಕ್ಕೆಂದು ಅವನ ಗುಡಿಸಲಿನ ಮುಂದೆ ನಿಲ್ಲುತ್ತಿದ್ದರು.

ಪ್ರತಿವರ್ಷ ಪಿತೃಪಕ್ಷದಲ್ಲಿ ಅವನು ಪುಸ್ತಕ ತರುವುದು, ನಾನು ಆ ವರ್ಷದ ಸಾಲುಗಳನ್ನು ಗಟ್ಟಿಯಾಗಿ ಓದುವುದು, ತಪ್ಪಿದ್ದರೆ ತಿದ್ದುವುದು ರೂಢಿ. ಆ ಬೆಳಗ್ಗೆಯೂ ಅದಕ್ಕೇ ಬಂದಿದ್ದ. ನಾನು ಅವನ ಕೈಯನ್ನು ಮೆಲ್ಲಗೆ ಸರಿಸಿ ಪುಸ್ತಕ ತೆರೆದೆ.

ಮೊದಲು ಬೆಚ್ಚಿದ್ದು ಅಕ್ಷರಗಳನ್ನು ಕಂಡು. ಆಷಾಢದಿಂದೀಚೆಗೆ ಸಾಲುಗಳು ಗೆರೆ ಬಿಟ್ಟು ಇಳಿದಿದ್ದವು. ಒಂದು ಹೆಸರಿನ ಮೇಲೆ ಇನ್ನೊಂದು ಹತ್ತಿತ್ತು.

“ಕಣ್ಣು ತೋರಿಸಿದೆಯೇನಯ್ಯ?”

“ಓದಿ ಮೇಷ್ಟ್ರೆ.”

ಓದುತ್ತ ರಾಜಣ್ಣನ ಸಾಲಿಗೆ ಬಂದೆ. ರಾಜಣ್ಣ ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದವನು, ಮೂಲ ಗುಂಡ್ಲುಪೇಟೆ. ಬೂದಿ ನಂಜನಗೂಡಿನ ಕಪಿಲೆಗೆ ಹೋಯಿತೆಂದು ಬರೆದಿತ್ತು. ಪಕ್ಕದಲ್ಲಿ ಅಂಟಿಸಿದ್ದ ಚೀಟಿಯನ್ನು ಓದಿದೆ. ಮತ್ತೊಮ್ಮೆ ಓದಿದೆ. ಎರಡು ಸಲವೂ ಮನಸ್ಸಿನಲ್ಲೇ.

“ಏನದ ಅದ್ರಲ್ಲಿ?” ಎಂದ. ಅವನ ಮುಖ ನೋಡಿದರೆ, ಅದರಲ್ಲಿ ಏನಿದೆಯೆಂಬುದು ಅವನಿಗೆ ಆಗಲೇ ಗೊತ್ತಿದ್ದಂತೆ ಕಂಡಿತು. ಬೇರೆಯವರ ಬಾಯಿಂದ ಕೇಳಲು ಬಂದಿದ್ದ.

“ಪುಟ್ಟಮಾದಮ್ಮ, ಪುಣಜನೂರು” ಎಂದೆ.

ಕಾಫಿಯ ಲೋಟವನ್ನು ಅವನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ನಾವಿಬ್ಬರೂ ಸುಡುಗಾಡಿಗೆ ನಡೆದೆವು. ಹೊಂಗೆ ಮರದಲ್ಲಿ ಒಂದೇ ಮಡಕೆ ನೇತಾಡುತ್ತಿತ್ತು. ಅವನ ಲೆಕ್ಕದಲ್ಲಿ ಅದು ಪುಟ್ಟಮಾದಮ್ಮನದು. ಹತ್ತಿರ ಹೋಗಿ ಚೀಟಿ ನೋಡಿದೆ. ಮಳೆಗೆ ಶಾಯಿ ಹರಡಿದ್ದರೂ ಓದಲು ಬರುತ್ತಿತ್ತು. ರಾಜಣ್ಣ. ಚಿಕ್ಕಮಾದಯ್ಯ ಮಡಕೆಯ ತಳಕ್ಕೆ ಅಂಗೈ ಕೊಟ್ಟು ಸ್ವಲ್ಪ ಎತ್ತಿ ಅಲುಗಿಸಿದ.

ಟಣ್.

“ಅವನ ಕಾಲೊಳಗಿನ ಪಟ್ಟಿ” ಎಂದ. ರಾಜಣ್ಣನಿಗೆ ಹಿಂದೆ ಬೈಕಿನಿಂದ ಬಿದ್ದು ಕಾಲು ಮುರಿದು, ಬೆರಳುದ್ದದ ಸ್ಟೀಲಿನ ಪಟ್ಟಿ ಹಾಕಿದ್ದರು. ಚಿತೆ ಆರಿದ ಮೇಲೆ ಮೂಳೆಯ ಜೊತೆ ಅದೂ ಸಿಕ್ಕಿತ್ತು. ಎಸೆಯಲೇ ಎಂದು ಇವನು ಕೇಳಿದಾಗ ರಾಜಣ್ಣನ ತಮ್ಮ ನಾಗೇಂದ್ರ, “ಅದ್ನೂ ಹಾಕ್ಬುಡು. ಅವನ ಜೊತೆಲೇ ಇತ್ತಲ್ಲ” ಎಂದಿದ್ದನಂತೆ.

ಗುಡಿಸಲಿನಿಂದ ಅವನ ಹೆಂಡತಿ ರಾಚಮ್ಮ ಹೊರಗೆ ಬಂದಳು. ನಮ್ಮಿಬ್ಬರ ಮುಖ ನೋಡಿದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಿಂಗಳ ಹಿಂದೆ ಬಿರುಗಾಳಿಗೆ ಹೊಂಗೆಯ ಕೊಂಬೆ ಮುರಿಯುವಂತಾದಾಗ ಇಬ್ಬರೂ ಓಡಿಹೋಗಿ ಆಗಿದ್ದ ಎರಡು ಮಡಕೆಗಳನ್ನು ಬಿಚ್ಚಿದ್ದರು. ನೆಲಕ್ಕೆ ಇಡುವಂತಿಲ್ಲವಲ್ಲ, ರಾಚಮ್ಮ ಎರಡನ್ನೂ ಎರಡು ಕಂಕುಳಲ್ಲಿ ಹಿಡಿದು ಮಳೆಯಲ್ಲಿ ನಿಂತಿದ್ದಳು. ಬೇರೆ ಕೊಂಬೆಗೆ ಕಟ್ಟುವಾಗ ಯಾವುದನ್ನು ಮೊದಲು ಕೊಟ್ಟಳೋ! ಕಣ್ಣು ಮಂಜಾಗಿ ಚೀಟಿ ಓದಲಾರದ ಅವನು ಅಂದಿನಿಂದ ಕೊಂಬೆಯಲ್ಲಿ ಯಾವುದು ಎಲ್ಲಿದೆ ಎಂಬ ಗುರುತಿನ ಮೇಲೆಯೇ ನಡೆದಿದ್ದ. ಹನ್ನೊಂದನೆಯ ದಿನ ಬಂದ ನಾಗೇಂದ್ರನಿಗೆ ರಾಜಣ್ಣನದೆಂದು ತಿಳಿದ ಮಡಕೆಯನ್ನು ಕೊಟ್ಟಿದ್ದ.

“ಕಣ್ಗ ಪೊರೆ ಬಂದದ ಅಂತ ಊರ್ಗೆಲ್ಲ ಗೊತ್ತು, ನಿಂಗ್ ಒಬ್ಬುಂಗ್ ಗೊತ್ತಿಲ್ಲ!” ಎಂದು ರಾಚಮ್ಮ ರೇಗಿದಳು. ಆಮೇಲೆ ಧ್ವನಿ ತಗ್ಗಿಸಿದಳು. “ಇವಾಗೇನು, ಆ ಕಬ್ಬಿಣ ತಗ್ದು ಬಿಸಾಕು. ಭಾನ್ವಾರ ಆ ಹುಡ್ಗಿ ಬಂದ್ರ ಕೊಟ್ಬುಡು. ಬೂದೀಲಿ ಗಂಡ್ಯಾವ್ದು, ಹೆಣ್ಯಾವ್ದು? ಯಾರ್ ಕಂಡರು?”

“ನಾ ಕಂಡಿವ್ನಿ.”

“ನಿಂಗ ಕಣ್ಣೇ ಕಾಣಕ್ಕಿಲ್ಲ, ಏನ್ ಕಂಡೀಯೆ!”

ಭಾನುವಾರ ಬರಬೇಕಾದವಳು ಪುಟ್ಟಮಾದಮ್ಮನ ಮಗಳು ಕುಮಾರಿ. ಬದನಗುಪ್ಪೆಯಲ್ಲಿ ಹೊಲಿಗೆಯ ಕೆಲಸ, ಪಟ್ಟಣದಲ್ಲಿ ವಾಸ. ಅವಳ ಕಥೆ ನಮಗೆ ಗೊತ್ತಿತ್ತು. ಪುಣಜನೂರು ಕಾಡಂಚಿನ ಊರು. ಹದಿನಾರು ವರ್ಷಗಳ ಹಿಂದೆ ಅವಳ ಅಪ್ಪನನ್ನು ಊರಿನ ಹಳ್ಳದಲ್ಲಿ ಆನೆ ತುಳಿಯಿತು. ಅಲ್ಲೇ ಪಕ್ಕದಲ್ಲಿ ಮಣ್ಣು ಮಾಡಿದರು. ತಿಂಗಳೊಳಗೆ ಆ ಗುಡ್ಡೆಯನ್ನೂ ಆನೆ ಕೆದಕಿ ಹಾಕಿತು. ಅದನ್ನು ಕಣ್ಣಾರೆ ಕಂಡ ಪುಟ್ಟಮಾದಮ್ಮ ಸಾಯುವಾಗ ಹೇಳಿದ್ದು ಒಂದೇ ಮಾತು: “ನನ್ನ ಮಣ್ಗ ಹಾಕ್ಬೇಡಿ. ಸುಟ್ಟು, ನಿಮ್ಮಪ್ಪ ಓದ ಹಳ್ಳುಕ್ಕ ಬುಡಿ. ಆನೆ ಏನ್ ತುಳ್ದಾದು ಬೂದೀಯ?” ಮಹಾಲಯ ಅಮಾವಾಸ್ಯೆಯ ದಿನ ಅಪ್ಪನಿಗೆ ಎಡೆ ಇಡುವ ಹೊತ್ತಿಗೇ ಅವ್ವನನ್ನೂ ನೀರಿಗೆ ಬಿಡಬೇಕೆಂದು ಕುಮಾರಿ ಎರಡು ತಿಂಗಳು ಕಾದಿದ್ದಳು. ಆ ಅವ್ವ ಈಗ ಕಪಿಲೆಯಲ್ಲಿ ಕರಗಿಹೋಗಿದ್ದಳು, ಬೇರೊಬ್ಬರ ಹೆಸರಿನಲ್ಲಿ.

“ಮೊದ್ಲು ಗುಂಡ್ಲುಪೇಟೆಗ ಓಗನ ಮೇಷ್ಟ್ರೆ” ಎಂದ ಚಿಕ್ಕಮಾದಯ್ಯ. “ಅವರದ್ದು ಇಲ್ಲೇ ಅದಲ್ಲ. ಅದ್ನಾದ್ರೂ ಸರಿ ಮಾಡನ.”

ಮರುದಿನ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋದೆವು. ನಾಗೇಂದ್ರ ಮಾರುಕಟ್ಟೆಯ ಬಳಿ ವಯನಾಡಿಗೆ ಹೋಗುವ ವ್ಯಾನಿಗೆ ಟೊಮೆಟೊ ಕ್ರೇಟುಗಳನ್ನು ಏರಿಸುತ್ತಿದ್ದ. ನಮ್ಮನ್ನು ಕಂಡವನೇ ಕೈಯಲ್ಲಿದ್ದ ಕ್ರೇಟನ್ನು ಕೆಳಗಿಟ್ಟ. ಯಾಕೆ ಬಂದಿರೆಂದು ಕೇಳಲಿಲ್ಲ. ನಮ್ಮಿಬ್ಬರನ್ನೂ ಗೋಡೆಯ ಮರೆಗೆ ಕರೆದುಕೊಂಡು ಹೋದ.

ಚಿಕ್ಕಮಾದಯ್ಯ ನಡೆದದ್ದನ್ನು ನಡೆದಂತೆ ಹೇಳಿದ. ತಪ್ಪು ತನ್ನದು, ತನ್ನ ಕಣ್ಣಿನದು ಎಂದ. ರಾಚಮ್ಮನ ಹೆಸರನ್ನು ಎತ್ತಲಿಲ್ಲ.

“ಗೊತ್ತು” ಎಂದ ನಾಗೇಂದ್ರ.

ನಾವಿಬ್ಬರೂ ಅವನ ಮುಖ ನೋಡಿದೆವು.

“ನಂಜನಗೂಡಲ್ಲಿ ಸುರೀವಾಗ್ಲೇ ಗೊತ್ತಾಯ್ತು. ಮಡಕೆ ಒಳಗ ಕೈ ಆಡಿಸ್ದೆ. ಕಬ್ಬಿಣ ಇರ್ನಿಲ್ಲ.”

“ಮತ್ತ ಯಾಕಪ್ಪ ಬಂದು ಹೇಳ್ನಿಲ್ಲ?”

“ಬಂದು? ನಮ್ಮವ್ವ ಪಕ್ಕದಲ್ಲೇ ನಿಂತಿತ್ತು. ಮೂರು ಮುಳುಗು ಹಾಕ್ಸುದ್ರು. ‘ಓಗ್ಬಾ ಮಗ’ ಅಂದ್ಬುಡ್ತು. ಆವತ್ತಿಂದ ನಾಕು ತುತ್ತು ತಿಂತಾ ಅದ. ನಿನ್ ಮಗ ಇನ್ನೂ ಮರದಲ್ಲಿ ನೇತಾಡ್ತಾವ್ನೆ ಅಂತ ನಾ ಏಳ್ಲಾ? ನೀ ಏಳೀಯಾ?”

“ಆ ಮಡಕೆ...”

“ಯಾವ ಮಡಕೆ? ನಮ್ಮಣ್ಣ ನೀರ್ಗ ಓದ. ನಿಮ್ಮ ಮಡಕೆ ನೀವೇ ಇಟ್ಕಳಿ. ಇನ್ನೊಂದು ದಪ ಈ ಮಾತ್ ಎತ್ಕಂಡ್ ಇಲ್ಲಿಗ್ ಬಂದ್ರ ಸರಿಗಿರಕ್ಕಿಲ್ಲ, ಯಜಮಾನ್ರೆ. ನಿಮಗೂ ಏಳ್ತಾ ಇವ್ನಿ ಮೇಷ್ಟ್ರೆ.”

ಹೇಳಿ ಹೋದ. ಹತ್ತು ಹೆಜ್ಜೆ ಹೋದವನು ಮತ್ತೆ ಬಂದು, ನಮ್ಮನ್ನು ನೋಡದೆ ಕೇಳಿದ: “ಯಾರ್ದು ಅದು? ನಾವು ಬುಟ್ಟುದ್ದು?”

“ಒಂದ್ ಹೆಣ್ಮಗಳದು. ಪುಣಜನೂರು.”

ನಾಗೇಂದ್ರ ತಲೆಯಾಡಿಸಿದ. ಹಿಂದಿರುಗಿ ನೋಡದೆ ಹೋಗಿ ಕ್ರೇಟು ಎತ್ತಿದ.

ಅಮಾವಾಸ್ಯೆ ಭಾನುವಾರವೇ ಬಿದ್ದಿತ್ತು. ಬೆಳಗ್ಗೆ ಒಂಬತ್ತಕ್ಕೆ ಕುಮಾರಿ ಬಂದಳು. ಮೂವತ್ತೈದರ ಹೆಂಗಸು. ತಲೆಗೆ ನೀರು ಹಾಕಿಕೊಂಡು, ಅಪ್ಪನ ಎಡೆಗೆ ಹೊಸ ಪಂಚೆ, ಅವ್ವನ ಎಡೆಗೆ ಹೊಸ ಸೀರೆ ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ಮರದ ಕೆಳಗೆ ನಿಂತು, ರೂಢಿಯಂತೆ ಮುಖ ತಿರುಗಿಸಿ, ಎರಡೂ ಕೈಗಳನ್ನು ಹಿಂದಕ್ಕೆ ಚಾಚಿದಳು.

ಆ ಕೈಗಳಲ್ಲಿ ಮಡಕೆ ಇಡುವುದು ಎಷ್ಟು ಸುಲಭವಾಗಿತ್ತು! ರಾಚಮ್ಮ ಗುಡಿಸಲಿನ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತಿದ್ದಳು.

“ಈ ಕಡೆ ತಿರುಗಮ್ಮಿ” ಎಂದ ಚಿಕ್ಕಮಾದಯ್ಯ.

“ಯಾಕ್ ತಾತ? ತಿರುಗಬಾರ್ದಲ್ವಾ?”

“ಇವತ್ತು ತಿರುಗು.”

ಅವನು ಹೇಳುತ್ತಿದ್ದಷ್ಟು ಹೊತ್ತು ಅವಳು ಮಡಕೆಯನ್ನೇ ನೋಡುತ್ತಿದ್ದಳು. ಅಳಲಿಲ್ಲ, ಬೈಯಲಿಲ್ಲ. ಕೊನೆಗೆ ಚಾಚಿದ ಕೈಗಳನ್ನು ಏನು ಮಾಡುವುದೆಂದು ತಿಳಿಯದವಳಂತೆ ಸೀರೆಗೆ ಒರೆಸಿಕೊಂಡಳು.

“ನಮ್ಮವ್ವ ಜೀವದಲ್ಲಿ ನಂಜನಗೂಡ್ಗ ಒಂದಪನೂ ಓಗಿರ್ನಿಲ್ಲ. ದಾರಿ ಗೊತ್ತಾಗಕ್ಕಿಲ್ಲ ಅದ್ಕ” ಎಂದಳು.

ನಾನು ಸಮಾಧಾನ ಹೇಳಬೇಕೆಂದುಕೊಂಡೆ. ನಲವತ್ತು ವರ್ಷ ಪಾಠ ಹೇಳಿದವನು ನಾನು. ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ, ನಿಮ್ಮ ಕಾಡಿನ ನೀರು ಸುವರ್ಣಾವತಿಯಾಗಿ ಕೊಳ್ಳೇಗಾಲದ ಕಡೆ ಅದೇ ಕಾವೇರಿಯನ್ನು ಸೇರುತ್ತದೆ, ಎರಡೂ ಕೊನೆಗೆ ಒಂದೇ ನೀರು ತಾಯಿ ಎಂದು ವಿವರಿಸಿದೆ.

ಅವಳು ಗೌರವದಿಂದ ಪೂರ್ತಿ ಕೇಳಿಸಿಕೊಂಡಳು. “ನೀರು ಕೆಳಕ್ಕ ಓಯ್ತದ ಮೇಷ್ಟ್ರೆ. ಮ್ಯಾಲ್ಕ ಬರಕ್ಕಿಲ್ಲ. ನಮ್ಮಪ್ಪ ಇರಾದು ಮ್ಯಾಲೆ” ಎಂದಳು.

ಆಮೇಲೆ ಚಿಕ್ಕಮಾದಯ್ಯನ ಕಡೆ ತಿರುಗಿದಳು.

“ಅವ್ವನ ಚೀಟಿ ಅದಾ ತಾತ?”

“ಪುಸ್ತಕದಲ್ಲದ.”

“ಅವ್ವನ ಜೊತೆ ಮರದಲ್ಲಿ ಇತ್ತಲ್ಲ, ಅದೇ ಚೀಟೀನಾ? ಅದ್ನ ಕೊಡು. ಅದ್ನೇ ಬುಡ್ತಿನಿ.”

ಹೆಸರು ನೀರಿಗೆ ಹೋಗಬಾರದೆಂಬುದು ಅವನು ಇಪ್ಪತ್ತೇಳು ವರ್ಷ ಕಾಪಾಡಿಕೊಂಡು ಬಂದ ನೇಮ. ಅವನು ಪುಸ್ತಕ ತೆರೆದು ತಡವರಿಸಿದ. ನಾನು ಅವನ ಬೆರಳನ್ನು ಹಿಡಿದು ಚೀಟಿಯ ಮೇಲಿಟ್ಟೆ. ಉಗುರಿನಿಂದ ಅಂಚನ್ನು ಎಬ್ಬಿಸಿ ಮೆಲ್ಲಗೆ ಕಿತ್ತ. ಅದರೊಡನೆ ಹಾಳೆಯ ಮೇಲ್ಪದರವೂ ಕಿತ್ತುಬಂತು. ಆಮೇಲೆ ಪುಟ್ಟಮಾದಮ್ಮನನ್ನು ಸುಟ್ಟ ಜಾಗದಿಂದ ಒಂದು ಹಿಡಿ ಮಣ್ಣು ಕೆರೆದು, ಚೀಟಿಯ ಜೊತೆ ಮುತ್ತುಗದ ದೊನ್ನೆಯಲ್ಲಿಟ್ಟ. “ನಾನೂ ಬತ್ತಿನಿ ಕಣಮ್ಮಿ. ಕಳೆದವನು ನಾನು” ಎಂದ.

ಸತ್ಯಮಂಗಲದ ಬಸ್ಸಿನಲ್ಲಿ ನಾವು ಮೂವರೂ ಪುಣಜನೂರಿನಲ್ಲಿ ಇಳಿದಾಗ ಎರಡೂವರೆ ಗಂಟೆ. ಮೋಡ ಮುಚ್ಚಿ, ಕಾಡಿನ ಅಂಚು ಆಗಲೇ ಕಪ್ಪಾಗಿತ್ತು. ಹಳ್ಳದ ಕಡೆಗೆ ತಿರುಗುವಲ್ಲಿ ಅರಣ್ಯದ ವಾಚರ್ ತಡೆದ. “ಒಂಟಿ ಆನೆ ಅದ ಒಳಗ. ಬೆಳಗ್ಗೆಯಿಂದ ಕದಲ್ನಿಲ್ಲ. ಬುಟ್ಟು ಬಂದ್ಬುಡಿ, ಕೂತ್ಕಬ್ಯಾಡಿ. ನಾ ಸೀಟಿ ಹಾಕುದ್ರ ಓಡ್ಬುಡಬೇಕು” ಎಂದ. ನನ್ನ ವಯಸ್ಸು ನೋಡಿ, “ನೀವು ಇಲ್ಲೇ ನಿಂತ್ಕಳಿ ಸಾ” ಎಂದ. ನಾನು ಕಿರುಸೇತುವೆಯ ಮೇಲೆ ನಿಂತೆ. ಅಲ್ಲಿಂದ ಹಳ್ಳ ಪೂರ್ತಿ ಕಾಣುತ್ತಿತ್ತು.

ದಂಡೆಯ ಕೆಸರಿನಲ್ಲಿ ತಟ್ಟೆಯಗಲದ ಹೆಜ್ಜೆಗಳು. ಅವುಗಳಲ್ಲಿ ಇನ್ನೂ ನೀರು ಜಿನುಗುತ್ತಿತ್ತು. ಕುಮಾರಿ ಒಂದು ಬಂಡೆಯ ಮೇಲೆ ಪಂಚೆಯನ್ನೂ ಸೀರೆಯನ್ನೂ ಇಟ್ಟು, ಎಡೆ ಇಟ್ಟು, ಕೈಮುಗಿದಳು. ಚಿಕ್ಕಮಾದಯ್ಯ ಮೊಣಕಾಲುದ್ದದ ನೀರಿನಲ್ಲಿ ನಿಂತು ದೊನ್ನೆಯನ್ನು ಅವಳ ಕೈಗೆ ಕೊಟ್ಟ. ಅವಳು ಬಾಗಿ ನೀರಿಗೆ ಬಿಟ್ಟಳು.

ದೊನ್ನೆ ಎರಡು ಮಾರು ಹೋಯಿತು. ಬಂಡೆಯ ಮರೆಯ ಸುಳಿಗೆ ಸಿಕ್ಕಿತು. ಸುತ್ತಿತು. ಮತ್ತೆ ಸುತ್ತಿತು.

ಎದುರಿನ ದಂಡೆಯಲ್ಲಿ ಬಿದಿರು ಮುರಿದ ಸದ್ದು ಕೇಳಿಸಿತು. ಒಂದೇ ಸಲ. ಆಮೇಲೆ ಎಲ್ಲ ಸುಮ್ಮನಾಯಿತು. ಒಂದು ಹಕ್ಕಿಯೂ ಕೂಗಲಿಲ್ಲ. ವಾಚರ್ ಸೀಟಿ ಹಾಕಿದ.

ಚಿಕ್ಕಮಾದಯ್ಯ ಮಾತ್ರ ಕದಲಲಿಲ್ಲ. ಮಂಜು ಕವಿದ ಕಣ್ಣುಗಳನ್ನು ಕಿರಿದು ಮಾಡಿ ನೀರನ್ನು ನೋಡುತ್ತಿದ್ದ.

“ಓಯ್ತಾ ಅಮ್ಮಿ?”

ಕುಮಾರಿ ಸುಳಿಯನ್ನು ನೋಡಿದಳು. ಬಿದಿರಿನ ಕಡೆ ನೋಡಿದಳು. ಮುದುಕನ ತೋಳು ಹಿಡಿದಳು. “ಓಯ್ತು ತಾತ. ಬಾ.”

ಅವರಿಬ್ಬರೂ ಹಿಂದಿರುಗಿ ನೋಡದೆ ದಿಣ್ಣೆ ಹತ್ತಿ ಬಂದರು. ಸೇತುವೆಯ ಮೇಲಿದ್ದ ನಾನು ನೋಡಿದೆ. ದೊನ್ನೆ ಸುತ್ತುತ್ತಲೇ ಇತ್ತು.

ಕುಮಾರಿ ತನ್ನ ಚಿಕ್ಕಪ್ಪನ ಮನೆಯಲ್ಲಿ ಉಳಿದಳು. ನಾವಿಬ್ಬರೂ ಸುಡುಗಾಡಿಗೆ ಮರಳಿದಾಗ ದೀಪ ಹಚ್ಚುವ ಹೊತ್ತು. ಕಣ್ಣು ತೋರಿಸುವವರೆಗೂ ಇನ್ನು ಮಡಕೆ ಕಟ್ಟುವುದಿಲ್ಲವೆಂದು ಚಿಕ್ಕಮಾದಯ್ಯ ದಾರಿಯಲ್ಲಿಯೇ ಹೇಳಿದ್ದ. ಪುಸ್ತಕವನ್ನೂ ಪೆನ್ನನ್ನೂ ನನ್ನ ಕೈಗಿಟ್ಟು, “ನೀವೇ ಬರೀರಿ ಮೇಷ್ಟ್ರೆ. ಪುಟ್ಟಮಾದಮ್ಮನ ಸಾಲು. ಬೂದಿ ತಪ್ಪಿ ಕಪಿಲೆಗ ಓಯ್ತು ಅಂತ ಬರೀರಿ. ಹೆಸ್ರು ಪುಣಜನೂರು ಹಳ್ಳುಕ್ಕ ಬುಟ್ಟುದ್ದು, ಓಯ್ತು ಅಂತ ಬರೀರಿ” ಎಂದ.

ಮೊದಲ ಭಾಗವನ್ನು ಅವನು ಹೇಳಿದಂತೆಯೇ ಬರೆದೆ. ಎರಡನೆಯದರಲ್ಲಿ ‘ಪುಣಜನೂರು ಹಳ್ಳ’ ಎಂದು ಬರೆದು ಪೆನ್ನು ನಿಂತಿತು. ಅವನ ಪುಸ್ತಕದಲ್ಲಿ ಗೊತ್ತಿದ್ದೂ ಬರೆದ ಸುಳ್ಳು ಅದುವರೆಗೆ ಒಂದೂ ಇರಲಿಲ್ಲ. ಅವನಿಗೆ ಅಕ್ಷರ ಕಲಿಸಿದವನು ನಾನು. ಯೋಚಿಸಿ ಮುಂದೆ ಮೂರು ಪದ ಸೇರಿಸಿದೆ.

“ಬರುದ್ರಾ?”

“ಬರೆದೆ.”

“ಓದಿ.”

“ಪುಣಜನೂರು ಹಳ್ಳ” ಎಂದು ಓದಿದೆ. “ಹೋಯಿತೆಂದು ಮಗಳು ಹೇಳಿದಳು.”

ಓದಿದ್ದರ ಅರ್ಥ ಅವನಿಗೆ ಆಯಿತೆಂಬುದು ಅವನು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದ ರೀತಿಯಿಂದಲೇ ತಿಳಿಯಿತು. “ಸರಿ” ಎಂದ, ಅಷ್ಟೆ. ರಾಜಣ್ಣನ ಸಾಲಿನ ಕೊನೆಗೆ ಏನು ಬರೆಯಬೇಕೆಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ನಾನು ಎದ್ದು ಹೊರಟೆ. ಗೇಟಿನವರೆಗೆ ಹೋಗುವಷ್ಟರಲ್ಲಿ ಗಾಳಿ ಎದ್ದಿತು, ಹಿಂದಿನಿಂದ ಆ ಸದ್ದು ಒಂದೇ ಒಂದು ಸಲ ಕೇಳಿಸಿತು. ಹಿಂದಿರುಗಿ ನೋಡಬಾರದೆಂಬ ನೇಮ ಮಡಕೆ ತೆಗೆದುಕೊಂಡು ಹೋಗುವವರಿಗೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಆದರೂ ನಾನು ನೋಡಲಿಲ್ಲ.